ಮೂಗಿಲ್ಲದವಳ ರಿಪೋರ್ಟ್

೨೦೨೧ರಲ್ಲಿ ಕೋವಿಡ್ ಬಂದು ಹೋದಾಗ ನನ್ನ ವಾಸನೆ ಹಿಡಿಯುವ ಶಕ್ತಿಯನ್ನೂ ತೆಗೆದುಕೊಂಡು ಹೋಯಿತು. ಅಮೆರಿಕದ ಏಪೆಕ್ಸ್ ಊರಿನ ನಮ್ಮ ಅಡುಗೆಮನೆಯಲ್ಲಿ ಹಾಲು ಹೊತ್ತಿ ಕರಕಲಾಗುತ್ತಿದ್ದರೂ ಪಕ್ಕದಲ್ಲೇ ನಿಂತಿದ್ದ ನನಗೆ ತಿಳಿಯಲಿಲ್ಲ. ಆಗ ನಾನು ಮಾಡುತ್ತಿದ್ದ ಕೆಲಸ, ಆಹಾರ ಪರೀಕ್ಷಿಸುವ ಲ್ಯಾಬಿನಲ್ಲಿ ಮೂಸಿ, ರುಚಿ ನೋಡಿ ವರದಿ ಬರೆಯುವುದು.

ಆ ತಂಡದಿಂದ ತೆಗೆದು ನನ್ನನ್ನು ಬೆಳಕಿನ ಯಂತ್ರಕ್ಕೆ ಹಾಕಿದರು. ಯಂತ್ರದ ಕತ್ತಲೆ ಪೆಟ್ಟಿಗೆಯೊಳಗೆ ಕೆಲವು ರಾಸಾಯನಿಕಗಳು ಸೇರಿದರೆ, ಬೆಂಕಿಯಿಲ್ಲದೆ ನೀಲಿ ಬೆಳಕು ಹುಟ್ಟುತ್ತದೆ. ನಾವು ಹುಡುಕುತ್ತಿರುವ ಕೃತಕ ಪರಿಮಳ ಅದಕ್ಕೆ ಸೇರಿದರೆ ಬೆಳಕು ಕುಗ್ಗುತ್ತದೆ. ಎಷ್ಟು ಕುಗ್ಗಿತೋ ನೋಡಿ ಎಷ್ಟು ಬೆರೆಸಿದ್ದಾರೆಂದು ಹೇಳಬಹುದು. ಕಲಿತೆ. ಇಷ್ಟವೂ ಆಯಿತು.

ಮರುವರ್ಷ ಒಂದು ಸ್ಟ್ರಾಬೆರಿ ಸಿರಪ್ ಬಂತು. ಬಾಟಲಿಯ ಮೇಲೆ ಬರೀ ಹಣ್ಣಿನದೇ ಪರಿಮಳ ಅಂತ ಬರೆದಿತ್ತು. ಮೂಸಿದವರೆಲ್ಲ ಹೌದು ಅಂದರು. ನನ್ನ ಯಂತ್ರ ಅಲ್ಲ ಅಂದಿತು: ಈಥೈಲ್ ಮಾಲ್ಟಾಲ್ ಇತ್ತು, ಯಾವ ಹಣ್ಣಿನಲ್ಲೂ ಇರದ, ಸುಟ್ಟ ಸಕ್ಕರೆಯ ವಾಸನೆಯ ವಸ್ತು. ಹೊಸ ದ್ರಾವಣ ಮಾಡಿಕೊಂಡು ಮೂರು ಸಲ ಪರೀಕ್ಷಿಸಿದೆ. ಮೂರು ಸಲವೂ ಅದೇ.

ರುಚಿ ತಂಡದ ಮುಖ್ಯಸ್ಥರು ಬೆಂಗಳೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಮೀಟಿಂಗ್‌ನಲ್ಲಿ ಮ್ಯಾನೇಜರ್ ಎದುರು, ಈಕೆಗೆ ಕೋವಿಡ್ ಆದಮೇಲೆ ಸೂಕ್ಷ್ಮತೆ ಸಾಲದು, ಯಂತ್ರವನ್ನೂ ಸರಿಯಾಗಿ ಸೆಟ್ ಮಾಡಿರಲಿಕ್ಕಿಲ್ಲ ಎಂದು ಇಂಗ್ಲಿಷ್‌ನಲ್ಲಿ ನಯವಾಗಿ ಹೇಳಿದರು. ಹೊರಗೆ ಬಂದಮೇಲೆ ಕನ್ನಡದಲ್ಲಿ, ನಗುತ್ತ:

"ಮೂಗೇ ಇಲ್ದೋರು ಪರಿಮಳದ ವಿಷಯಕ್ಕೆ ಯಾಕ್ ಬರ್ತೀರಿ? ಹಣ್ಣಿನದೇ ಅಂತ ರಿಪೋರ್ಟಿಗೆ ಸೈನ್ ಮಾಡ್ಬಿಡಿ."

ಮೈಯೆಲ್ಲ ಉರಿಯಿತು. ಇಂಗ್ಲಿಷ್‌ನಲ್ಲಿ ಅಂದಿದ್ದರೆ ಅಷ್ಟು ಉರಿಯುತ್ತಿರಲಿಲ್ಲವೇನೋ.

"ಮಾಡಲ್ಲ ಸರ್," ಅಂದೆ. "ಕೋವಿಡ್ ಬಂದಿದ್ದು ನನಗೆ, ಯಂತ್ರಕ್ಕಲ್ಲ."

ಮನೆಯಲ್ಲಿ ಗಂಡ, ಈ ಕೆಲಸದ ಮೇಲೇ ನಿಂತಿದ್ದ ವೀಸಾ ನೆನಪಿಸಿದರು. ರಿನ್ಯೂವಲ್ ಹತ್ತಿರದಲ್ಲಿದೆ, ಒಂದು ಸಿರಪ್‌ಗೋಸ್ಕರ ಯಾಕೆ ಎಂದರು. ಮರುದಿನ ರಿಪೋರ್ಟಿನಲ್ಲಿ ಸಹಿಯ ಜಾಗದಲ್ಲಿ "ಒಪ್ಪುವುದಿಲ್ಲ" ಎಂದು ಇಂಗ್ಲಿಷ್‌ನಲ್ಲಿ ಬರೆದು, ಮೂರು ಪರೀಕ್ಷೆಯ ಗ್ರಾಫ್‌ಗಳನ್ನೂ ಲಗತ್ತಿಸಿ ಕೊಟ್ಟೆ. ಭಯವಿತ್ತು, ಸುಳ್ಳೇಕೆ.

ಮ್ಯಾನೇಜರ್ ಉಳಿದ ಸಿರಪ್ಪನ್ನು ಬೇರೆ ಲ್ಯಾಬಿಗೆ ಕಳಿಸಿದರು. ಎರಡು ವಾರದಲ್ಲಿ ಉತ್ತರ ಬಂತು: ಈಥೈಲ್ ಮಾಲ್ಟಾಲ್ ಇದೆ. ರಿಪೋರ್ಟ್ ತಿದ್ದಿದರು, ಸಿರಪ್ ಕಂಪನಿಗೆ ಕಳಿಸಿದರು. ನನಗೆ ಯಾರೂ ಒಂದು ಮಾತೂ ಹೇಳಲಿಲ್ಲ. ಮುಖ್ಯಸ್ಥರು ಮಾತ್ರ ಕಾಫಿ ಮೆಷಿನ್ ಹತ್ತಿರ ಸಿಕ್ಕಿ, ನಿಮ್ಮ ಲಕ್ ಚೆನ್ನಾಗಿತ್ತು ಬಿಡಿ ಅಂದರು.

"ಮೂರು ಸಲ ಮಾಡಿದ್ದೆ. ಅದು ಲಕ್ ಅಲ್ಲ ಸರ್."

ಅವರು ಕಪ್ ಎತ್ತಿಕೊಂಡು ಹೋದರು. ಮೀಟಿಂಗ್‌ನ ಟಿಪ್ಪಣಿಯಲ್ಲಿ ನನಗೆ ಸೂಕ್ಷ್ಮತೆ ಸಾಲದೆಂದು ಬರೆದಿದ್ದ ಸಾಲನ್ನು ತೆಗೆಯಬೇಕೆಂದು ಆವತ್ತೇ ಮೇಲ್ ಕಳಿಸಿದೆ. ಮೂರನೇ ಮೇಲ್‌ಗೆ ತೆಗೆದರು. ಈಗಲೂ ಅಲ್ಲೇ ಕೆಲಸ ಮಾಡುತ್ತಿದ್ದೇನೆ. ಮುಖ್ಯಸ್ಥರು ಕೂತ ಟೇಬಲ್ಲಿನಲ್ಲಿ ಊಟಕ್ಕೆ ಕೂರುವುದಿಲ್ಲ.