ಶೀಟಿನ ಮೇಲಿನ ಕಲ್ಲು

ಗಾಳಿ ಸ್ವಲ್ಪ ಜೋರಾದರೂ ಶಿವನಿ ಊರಿನ ನಮ್ಮ ಮನೆಯ ತಾರಸಿಗೆ ಶೀಟು ಹಾಕಿದ ಮೇಸ್ತ್ರಿಯ ಕೈಗಳು ಕಣ್ಣಮುಂದೆ ಬರುತ್ತವೆ. ಕೆಲಸ ಮುಗಿದ ಮೇಲೆ ಅವರು ಶೀಟು ಹೊತ್ತ ಕಂಬವನ್ನು, ಎತ್ತಿನ ಬೆನ್ನು ತಟ್ಟುವ ಹಾಗೆ, ಅಂಗೈಯಿಂದ ತಟ್ಟುತ್ತಿದ್ದರು. ಆಮೇಲೆ ಶೀಟಿನ ಮೇಲೆ ಸಾಲಾಗಿ ಕಲ್ಲು ಇಡುತ್ತಿದ್ದರು. "ಭಾರ ಇದ್ರೆ ಸಾಕು ಕಣ್ರೀ."

ತರೀಕೆರೆಯ ಇಂಜಿನಿಯರ್ ಕೊಟ್ಟ ನಕ್ಷೆಯಲ್ಲಿ, ಹೊಸ ನಿಯಮದಂತೆ ಕಂಬಗಳನ್ನು ಕಾಂಕ್ರೀಟಿಗೆ ಬೋಲ್ಟಿನಿಂದ ಬಿಗಿಯಬೇಕೆಂದಿತ್ತು. ಗಾಳಿ ಶೀಟನ್ನು ಕೆಳಗಿನಿಂದ ಎತ್ತುತ್ತದಂತೆ ಎಂದೆ.

"ಗಾಳಿ ಏನ್ ಜಾಕ್ ಇಟ್ಕೊಂಡ್ ಬತ್ತದೇನ್ರೀ?" ಎಂದು ನಕ್ಕು, ಕಂಬದ ಬುಡಕ್ಕೆ ಬರೀ ಸಿಮೆಂಟು ಮೆತ್ತಿದರು.

ಮುಂಗಾರಿಗೆ ಮುಂಚಿನ ಒಂದು ಸಂಜೆ, ಶೀಟು ಸೋರುವ ಜಾಗ ನೋಡಲು ಬಂದಿದ್ದರು. ಅಮ್ಮ ಅದರ ಕೆಳಗೆ ಕೂತು ಮೊರದಲ್ಲಿ ಹುರುಳಿ ಹಸನು ಮಾಡುತ್ತಿದ್ದರು. ಇದ್ದಕ್ಕಿದ್ದಂತೆ ಗಾಳಿ ಎದ್ದು, ಕಂಬ ಬುಡಸಮೇತ ಮೇಲೆದ್ದಿತು. ಮೇಸ್ತ್ರಿ ಅದನ್ನು ತಬ್ಬಿಕೊಂಡರು. ಅವರ ಕಾಲುಗಳೂ ನೆಲ ಬಿಟ್ಟವು.

"ಅಮ್ಮಾ, ಒಳೀಕ್ ಹೋಗಿ."

ಅಮ್ಮ ಬಾಗಿಲು ದಾಟುವಷ್ಟರಲ್ಲಿ ಮೇಲಿನ ಕಲ್ಲೊಂದು ಜಾರಿ ಮೊರದ ಮೇಲೆ ಬಿತ್ತು.

ಗಾಳಿ ಇಳಿದು ಕಂಬ ನೆಲಕ್ಕೆ ಕೂತರೂ ಅವರು ಅದನ್ನು ಬಿಡಲಿಲ್ಲ. ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು. ಅವರು ನನ್ನತ್ತ ನೋಡಲಿಲ್ಲ, ಕಪ್ಪಾಗಿದ್ದ ಆಕಾಶದತ್ತ ನೋಡುತ್ತಿದ್ದರು.

"ಗಾಳಿ ಹಿರೇನಲ್ಲೂರ ಕಡೀಕೇ ಹೋಯ್ತು," ಎಂದರು. "ಅಲ್ಲಿ ನನ್ ಮಗಳ ಮನೆ ಶೀಟಿಗೂ ಕಲ್ಲೇ ಇಟ್ಟಿದೀನಿ ಕಣ್ರೀ."