ಸಿಲಿಕಾನ್ ಮೇಲೆ ವಿಭೂತಿ

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ನಗಿಸುವ ಚಟಕ್ಕೆ ಬಿದ್ದು, ಧೂಳಿನ ಕಣವೂ ಸುಳಿಯಬಾರದ ಕೋಣೆಗೆ ಹಣೆ ತುಂಬ ವಿಭೂತಿ ಬಳಿದುಕೊಂಡು ನುಗ್ಗಿದವನು ನಾನು.

ಆಳಂದದ ಹೊರಗಿರುವ ನಮ್ಮ ಲ್ಯಾಬಿನಲ್ಲಿ, ಸೂಕ್ಷ್ಮ ಕಣಗಳು ಹಾದುಹೋದ ದಾರಿಯನ್ನು ಗುರುತು ಹಿಡಿಯುವ ಸಿಲಿಕಾನ್ ಫಲಕಗಳನ್ನು ಜೋಡಿಸುತ್ತೇವೆ. ಹಪ್ಪಳಕ್ಕಿಂತ ತೆಳು, ಮುಟ್ಟಿದರೆ ಮುನಿಸು. ಜೋಡಿಸಿದ್ದನ್ನು ಬೆಳಕು ಬೀಳದ ಪೆಟ್ಟಿಗೆಯಲ್ಲಿಟ್ಟು ವೋಲ್ಟೇಜ್ ಏರಿಸುತ್ತಾ ಹೋಗಬೇಕು. ಸೋರುವ ಕರೆಂಟು ಮಾತ್ರ ಏರಬಾರದು. ಅದನ್ನೇ ನೋಡುತ್ತಾ ಕೂರುವ ಕೆಲಸ. ನಾನೋ ನರೋಣಾಕ್ಕೆ ಹೋಗುವ ಬಸ್ಸಿನಲ್ಲೂ ಸುಮ್ಮನೆ ಕೂತವನಲ್ಲ. ಕಂಡಕ್ಟರನ ದನಿಯಲ್ಲೇ "ಮುಂದ ಸರೀರಿ" ಎಂದು ಕೂಗಿ, ಅವನಿಂದ ಬೈಸಿಕೊಂಡೇ ಇಳಿಯುವವನು.

ಅಂದು ಪರೀಕ್ಷೆಗಿದ್ದದ್ದು ಅಫಜಲಪುರದ ಅಕ್ಕನ ಫಲಕ. ಅಕ್ಕ ಅಂದರೆ ನನಗಿಂತ ಹಿರಿಯ ಸಂಶೋಧಕಿ. ಅವಳೊಬ್ಬಳೇ ಕೂತು ಪೂರ್ತಿ ಜೋಡಿಸಿದ ಮೊದಲ ಫಲಕ ಅದು. ಪಾಸಾದರೆ ಅದರ ಜೊತೆ ಅವಳೂ ವಿದೇಶದ ಪ್ರಯೋಗಕ್ಕೆ ಹೋಗುತ್ತಾಳೆ. ಇಲ್ಲವಾದರೆ ಆ ಜಾಗ ಬೇರೆ ಲ್ಯಾಬಿನವರಿಗೆ. ಬೆಳಿಗ್ಗೆಯಿಂದ ಅವಳು ಬಾಯಿಗೆ ಒಂದು ತುತ್ತು ಹಾಕಿರಲಿಲ್ಲ.

ಲ್ಯಾಬು ನಡೆಸುವ ಜೇವರ್ಗಿಯ ನಮ್ಮ ಸರ್ ದಿನಾ ಮೂರೆಳೆ ವಿಭೂತಿ ಹಚ್ಚಿಕೊಂಡು ಬರುವವರು. ಕೋಣೆಯ ಬಾಗಿಲಲ್ಲಿ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಒಳಗೆ ಹೋಗುತ್ತಾರೆ. ಹೊರಬಂದವರೇ ಕಪಾಟಿನ ಡಬ್ಬಿಯಿಂದ ಮತ್ತೆ ಹಚ್ಚಿಕೊಳ್ಳುತ್ತಾರೆ. ಅವರು ಚಹಾಕ್ಕೆ ಹೋದ ಹೊತ್ತಿನಲ್ಲಿ ನಾನು ಆ ಡಬ್ಬಿಗೆ ಕೈಹಾಕಿ, ಹಣೆಗೆ ಬಳಿದುಕೊಂಡು ಕೋಣೆಯೊಳಗೆ ನುಗ್ಗಿದೆ.

"ಏನವಾ, ಉಸಿರು ಜರಾ ಹಗೂರ ಬಿಡು. ಸಿಲಿಕಾನ್ ಅಂದ್ರ ಈಗಷ್ಟೇ ಮಲಗಿದ ಕೂಸು!" ಎಂದು ಅವರದೇ ದನಿ ತೆಗೆದು, ತೆರೆದ ಪೆಟ್ಟಿಗೆಯ ಮೇಲೆ ಬಾಗಿ, ಅವರು ಯೋಚಿಸುವಾಗ ಮಾಡುವಂತೆ ಹಣೆಯನ್ನು ಗಸಗಸ ಉಜ್ಜಿದೆ.

ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಸರಿಯಲೇ ಆಚಿಗೆ, ಹುಚ್ಚಪ್ಪ!" ಎಂದು ಮುಚ್ಚಳ ಹಾಕಿದಳು.

ವೋಲ್ಟೇಜ್ ಅರ್ಧ ದಾರಿಯನ್ನೂ ಮುಟ್ಟಿರಲಿಲ್ಲ. ಪರದೆಯ ಮೇಲಿನ ಕರೆಂಟಿನ ಗೆರೆ ಸರ್ರನೆ ಮೇಲೆದ್ದಿತು.

"ನನ್ನ ಕೈನೇ ಬರೋಬ್ಬರಿ ಇಲ್ಲ," ಎಂದು ಸ್ವಿಚ್ಚು ಆರಿಸಿದಳು. "ಜೋಡಿಸೂಮುಂದ ಹಾಕಿದ ಅಂಟು ಎಲ್ಲೋ ಹರದದ. ಮುಗೀತು ನಂದು."

ನಾನು ಯಂತ್ರದಿಂದ ಬಾಗಿಲಿಗೆ, ಬಾಗಿಲಿನಿಂದ ಯಂತ್ರಕ್ಕೆ ಓಡಾಡಿದೆ.

ಸರ್ ಬಂದರು. ಹಣೆ ಒರೆಸಿಕೊಂಡು ಒಳಗೆ ಬಂದು, ಅಕ್ಕನ ಮಾತು ಕೇಳಿ, ಫಲಕವನ್ನು ಕೆಳಗಿಟ್ಟು ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಅಂಟಲ್ಲವಾ ಇದು. ಅಂಚಿನ್ಯಾಗ ಬೂದಿ ಕುಂತದ. ಕರೆಂಟಿಗೆ ಅಡ್ಡದಾರಿ ಸಿಕ್ಕದ."

ತಲೆಯೆತ್ತಿದವರು ಗಾಬರಿಯಿಂದ ಮೊದಲು ತಮ್ಮ ಬೋಳು ಹಣೆಯನ್ನೇ ಮುಟ್ಟಿ ನೋಡಿಕೊಂಡರು. ಆಮೇಲೆ ನನ್ನ ಹಣೆ ನೋಡಿದರು. ಬಾಗಿಲು ತೋರಿಸಿದರು.

ಗಾಜಿನ ಹೊರಗೆ ನಿಂತು ನೋಡಿದೆ. ನಿಂತೆ ಎನ್ನುವುದು ಸುಳ್ಳು, ಕುಣಿಯುತ್ತಿದ್ದೆ. ಅಕ್ಕ ಒಣ ನೈಟ್ರೋಜನ್ ಅನಿಲವನ್ನು ಮೆಲ್ಲಗೆ ಊದಿ, ಅಂಚು ಸ್ವಚ್ಛ ಮಾಡಿ, ಮತ್ತೆ ಮುಚ್ಚಳ ಹಾಕಿದಳು. ವೋಲ್ಟೇಜ್ ಏರಿತು. ಗೆರೆ ಮಲಗಿದಲ್ಲೇ ಮಲಗಿತ್ತು, ಕೊನೆಯವರೆಗೂ.

ಹೊರಬಂದ ಅಕ್ಕ ಮೊದಲು ಊಟದ ಡಬ್ಬಿ ಬಿಚ್ಚಿ ರೊಟ್ಟಿ ಮುರಿದಳು. ಗೆದ್ದ ಖುಷಿಯಲ್ಲಿದ್ದಾಳೆ, ಬಿಡುತ್ತಾಳೆ ಎಂದುಕೊಂಡು ನಾನು ಹಲ್ಲುಕಿರಿದೆ. "ನಕಲ ಅಂದ್ರ ಪೂರಾ ಮಾಡ್ಬೇಕಲ್ಲಕ್ಕ? ವಿಭೂತಿ ಇಲ್ದ ಸರ್ ಆಗ್ತಾರೇನು?"

"ಒಳಗ ಬರೂಮುಂದ ಸರ್ ಹಣಿ ಒರಸ್ಕೋತಾರ. ಅದೊಂದು ನಕಲ ಮಾಡಾಕ ನಿನಗೇನ್ ಧಾಡಿಯಾಗಿತ್ತಲೇ?"