ಸರೋಜಾಳ ಕೌದಿ ತರಲು ಹಿಂದವಾಡಿಗೆ

ಶ್ರಾವಣದ ಒಂದು ಭಾನುವಾರ, ನಾನು ಕಲಿಸುವ ಶಾಲೆಗೆ ರಜೆ ನೋಡಿಕೊಂಡು, ಬೆಳಿಗ್ಗೆ ಪಾರಿಶ್ವಾಡದಿಂದ ಹೊರಟೆ. ತಂಗಿ ಸರೋಜಾ ತೀರಿಕೊಂಡು ಎರಡು ತಿಂಗಳಾಗಿತ್ತು. ಬೆಳಗಾವಿಯ ಹಿಂದವಾಡಿಯಲ್ಲಿ ಕಲಾವಿದರು ಕೆಲವು ತಿಂಗಳು ಇದ್ದು ಕೆಲಸ ಮಾಡಲೆಂದು ಯಾರೋ ಒಂದು ಹಳೆಯ ಮನೆ ಬಿಟ್ಟುಕೊಟ್ಟಿದ್ದರು. ಅಲ್ಲಿ ಅವಳು ಓಣಿಯ ಮನೆಮನೆಗೂ ಹೋಗಿ ಹಳೆಯ ಬಟ್ಟೆ ಕೇಳಿ ತಂದು, ಎಲ್ಲವನ್ನೂ ಸೇರಿಸಿ ಒಂದು ಕೌದಿ ಹೊಲಿದಿದ್ದಳು. ಆಮೇಲೆ ಕಾಮಾಲೆ ಬಂತು. 'ಪ್ರದರ್ಶನ ಮುಗಿಯಿತು, ಕೌದಿ ಒಯ್ಯಿರಿ' ಎಂದು ಅಲ್ಲಿಂದ ಕಾಗದ ಬರೆದಿದ್ದರು. ಬರೆದ ಚಿತ್ರಗಳನ್ನೆಲ್ಲ ಅವಳು ಯಾರ್ಯಾರಿಗೋ ಕೊಟ್ಟುಬಿಟ್ಟಿದ್ದಳು. ಅವಳ ಕೈಯಿಂದ ಆದದ್ದೆಂದು ನನಗೆ ಉಳಿದಿದ್ದು ಅದೊಂದೇ.

ಖಾನಾಪುರದಲ್ಲಿ ಬಸ್ಸು ಬದಲಿಸಿದೆ. ಜಿಟಿಜಿಟಿ ಮಳೆ. ಚಹಾ ಕುಡಿದು, ಹತ್ತು ರೂಪಾಯಿಯ ಟಿಕೀಟು ತೆಗೆಸಿ ಕಿಟಕಿಯ ಬದಿಗೆ ಕುಳಿತೆ. ಬೆಳಗಾವಿಗೆ ಇಪ್ಪತ್ತಾರು ಕಿಲೋಮೀಟರು. ಮಂಜಿನೊಳಗೆ ಮರ, ಭತ್ತದ ಗದ್ದೆ, ಕಂಬಳಿ ಹೊದ್ದ ಕುರುಬ, ಎಲ್ಲವೂ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಬಣ್ಣ ಬಿಟ್ಟು ಹಿಂದೆ ಸರಿಯುತ್ತಿದ್ದವು. ಅರೆನಿದ್ದೆಯಲ್ಲಿ ಎರಡು ಸಲ ಸರಿದು ಪಕ್ಕದವರಿಗೆ ಜಾಗ ಮಾಡಿದೆ. ಪಕ್ಕದಲ್ಲಿ ಯಾರೂ ಇರಲಿಲ್ಲ.

ಹಿಂದವಾಡಿಯ ಆ ಮನೆಯ ಪಡಸಾಲೆಯಲ್ಲಿ ಓಣಿಯ ಇಬ್ಬರು ಹೆಂಗಸರು ಕಾಯುತ್ತಿದ್ದರು: ನೀಲವ್ವ, ಮತ್ತು ಮರಾಠಿ ಮನೆಮಾತಿನ ಇಂದೂಬಾಯಿ. ಅವಲಕ್ಕಿ, ಚಹಾ ಕೊಟ್ಟರು. ಕೌದಿ ಗೋಡೆಯ ಮೇಲೆ ತೂಗುತ್ತಿತ್ತು.

"ಇದು ನಮ್ಮ ಅತ್ತಿ ಇಳಕಲ್ ಸೀರಿ ನೋಡ್ರಿ," ಎಂದರು ನೀಲವ್ವ.

"ಅದರ ಬಾಜೂಕ ನಮ್ಮ ಆಯೀದು," ಎಂದರು ಇಂದೂಬಾಯಿ. "ಜೀವಂತ ಇದ್ದಾಗ ಇಬ್ಬರೂ ಜಗಳ ಇಲ್ದ ಒಂದ ನಳದಾಗ ನೀರ ಹಿಡೀಲಿಲ್ಲ. ನಿಮ್ಮ ತಂಗಿ ಇಬ್ಬರನೂ ಕೂಡಿಸಿ ಹೊಲದಬಿಟ್ಲು."

ನಾನು ಹತ್ತಿರ ಹೋಗಿ ನೋಡಿದೆ. ಹೊಲಿಗೆಯೆಲ್ಲ ಗೆರೆ ಎಳೆದಂತೆ ನೇರವಾಗಿತ್ತು. ಸರೋಜಾ ಎಡಚಿ, ಅವಳ ಹೊಲಿಗೆ ಯಾವಾಗಲೂ ಗಾಳಿಮಳೆಯ ಹಾಗೆ ಓರೆ.

"ಇದು ಆಕೀ ಕೈ ಅಲ್ಲರಿ," ಎಂದೆ.

"ಆಕೀದು ಭಾಳ ವಾಕಡಾ, ಸೊಟ್ಟ ಇತ್ತರಿ," ಇಂದೂಬಾಯಿಯ ದನಿಯಲ್ಲಿ ಹೆಮ್ಮೆಯಿತ್ತು. "ನಾಕ ಮಂದಿ ನೋಡೂದು, ಹೋದಾಕೀ ಹೆಸರ ಯಾಕ ಕೆಡಸೂದು ಅಂತ ಎಲ್ಲಾ ಬಿಚ್ಚಿ ನಾವ ಮತ್ತ ಹಾಕೀವಿ. ಓಣ್ಯಾಗಿನ ಹೆಣಮಕ್ಕಳೆಲ್ಲಾ ಕುಂತಿದ್ವಿ."

ಚಲೋ ಆಗಿದೆ ಎನ್ನಲು ಹೋದವನು, ಎಲ್ಲಾದರೂ ಒಂದು ಓರೆ ಹೊಲಿಗೆ ಉಳಿದಿದೆಯೇ ಎಂದು ಹುಡುಕತೊಡಗಿದೆ. ನೀಲವ್ವ ನನ್ನ ಮುಖ ನೋಡಿ ಬಟ್ಟಲು ಕೆಳಗಿಟ್ಟರು.

"ಇಂದೂ, ನಾವು ತಪ್ಪ ಮಾಡಿದ್ವಿ ಕಾಣಸತೈತಿ."

ಕೌದಿ ಇಳಿಸಿ ಬಾಗಿಲ ಬೆಳಕಿನಲ್ಲಿ ಹಾಸಿದೆವು. ಇಳಕಲ್ ಸೀರೆಯ ತುಂಡಿನ ಮೇಲೆ ಹಳೆಯ ಸೂಜಿಯ ತೂತುಗಳು ಇನ್ನೂ ಇದ್ದವು, ಓರೆಯಾಗಿ, ಇರುವೆ ಸಾಲಿನಂತೆ. ನಾನು ಸೂಜಿ ಕೇಳಿದೆ. ನೀಲವ್ವ ತಮ್ಮ ಹೊಲಿಗೆಯನ್ನು ಒಂದು ಗೇಣು ಬಿಚ್ಚಿಕೊಟ್ಟರು. ಒಂದೊಂದೇ ತೂತು ಹುಡುಕಿ ದಾರ ಹಾಯಿಸುತ್ತ ಹೋದೆ. ಅವಳು ಎಲ್ಲಿ ತಡೆದಿದ್ದಳು, ಎಲ್ಲಿ ಅವಸರ ಮಾಡಿದ್ದಳು ಎಂಬುದು ಬೆರಳಿಗೆ ಗೊತ್ತಾಗುತ್ತಿತ್ತು.

"ಗುರುಗಳ, ಸೂಜಿ ಹಿಡಿಯೂದ ನೋಡಿದ್ರ ಸಾಲ್ಯಾಗ ಹುಡುಗರ ಕಿವಿ ಹಿಡದಂಗೈತಿ," ಎಂದರು ಇಂದೂಬಾಯಿ.

ನಾನು ನಕ್ಕೆ. ಸರೋಜಾ ಹೋದ ಮೇಲೆ ಅದೇ ಮೊದಲು.

ಒಂದು ಗೇಣು ಮುಗಿಯುವಷ್ಟರಲ್ಲಿ ಊರ ಬಸ್ಸಿನ ಹೊತ್ತಾಯಿತು. ನೀಲವ್ವ ಕೌದಿ ಮಡಚತೊಡಗಿದರು. "ನಿಮ್ಮ ಮನ್ಯಾಗ ಇರಲಿ ಬಿಡ್ರಿ, ಮುಂದಿನ ಐತವಾರ ಬರತೀನಿ," ಎಂದೆ.

ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಇಬ್ಬರೂ ಬಾಗಿಲಲ್ಲೇ ಕುಳಿತಿದ್ದರು. ಇಂದೂಬಾಯಿ ಬಟ್ಟೆಯ ಮೇಲೆ ಬಾಗಿ, ತಾವೇ ಹಾಕಿದ್ದ ನೇರ ಹೊಲಿಗೆಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದರು.